ಬೇಲಿಯ ಸೀಗೆ, ಅಂಗಡಿಯ ಶಾಂಪೂ



ನಮ್ಮ ಅಜ್ಜಿಯರು ದಿನಾ ಬೆಳಗ್ಗೆ ಚೂರು ಎಣ್ಣೆ ಸವರಿ, ತಲೆ ಬಾಚಿ ಜಡೆ ಹೆಣೆಯೋರು. ವಾರಕ್ಕೊಮ್ಮೆ ಹರಳೆಣ್ಣೆ ತಿಕ್ಕಿ ಸೀಗೆಪುಡಿ ಹಾಕಿ ಎರೆಯೋರು. ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ನೊರೆಯ ಅಂಶವಿದೆ; ಜಿಡ್ಡು ಬಿಡಿಸುವುದು ಅದೇ.

‘ಶಾಂಪೂ’ ಎಂಬ ಮಾತು ಎಲ್ಲಿಂದ ಬಂತು, ಬಲ್ಲಿರಾ? ಮೈ ಒತ್ತುವುದಕ್ಕೆ ಹಿಂದಿಯವರು ಹೇಳುವ ‘ಚಾಂಪೋ’ದಿಂದ! ಪಾಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮ್ಮದರು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ನಡೆಸಿ, 1822ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಆಮೇಲೆ ಆ ಮಾತು ತಲೆ ತೊಳೆಯುವುದಕ್ಕೆ ಅಂಟಿಕೊಂಡಿತು. ನಮ್ಮ ದೇಶದ ಮಾತೇ ಈಗ ಪೊಟ್ಟಣದಲ್ಲಿ ಕೂತು, ಕಾಸು ಕೇಳಿಕೊಂಡು ವಾಪಸು ಬಂದಿದೆ.

ಶಾಂಪೂ ಬೇಡವೇ ಬೇಡ ಅನ್ನೋಲ್ಲ. ಖಾಲಿ ಪೊಟ್ಟಣ ಮಾತ್ರ ಕಾವೇರಿಗೆ ಎಸೀಬೇಡಿ. ಬೇಲೀಲಿರೋ ಸೀಗೆಮೆಳೆ ಕಡೀಬೇಡಿ. ಎರೆಯುವಾಗ ಪುಡಿ ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.