ಉಯಿಲು ಬರೆದಿಟ್ಟು ಕಾಣೆಯಾದ ಕವಿ

1431ರಲ್ಲಿ ಹುಟ್ಟಿದ ಫ್ರೆಂಚ್ ಕವಿ ಫ್ರಾನ್ಸ್ವಾ ವಿಯೋನ್‌ನ ಮೂಲ ಹೆಸರು ಅದಲ್ಲ. ‘ವಿಯೋನ್’ ಎಂಬುದು ಈ ಬಡ ಹುಡುಗನನ್ನು ಸಾಕಿ ಓದಿಸಿದ ಪ್ಯಾರಿಸ್ಸಿನ ಪಾದ್ರಿ ಗಿಯೋಮ್ ದ ವಿಯೋನ್‌ನಿಂದ ಬಂದದ್ದು. ಆ ಹೆಸರಿಗೆ ಸಾಕುಮಗ ತಂದ ಕೀರ್ತಿ ಮಾತ್ರ ವಿಚಿತ್ರ. 1455ರಲ್ಲಿ ಜಗಳವಾಡಿ ಪಾದ್ರಿಯೊಬ್ಬನನ್ನು ಕೊಂದ. ಕ್ಷಮಾದಾನ ಸಿಕ್ಕ ವರ್ಷವೇ ನವಾರ್ ಕಾಲೇಜಿನ ಹಣ ಕದ್ದ ತಂಡ ಸೇರಿದ.

ಆತನ ಮುಖ್ಯ ಕಾವ್ಯದ ಹೆಸರೇ ‘ಉಯಿಲು’. ಕೈಯಲ್ಲಿ ಕಾಸಿಲ್ಲ, ಆದರೂ ಗೆಳೆಯರಿಗೆ, ಹಗೆಗಳಿಗೆ ಇಲ್ಲದ ಆಸ್ತಿ ಹಂಚಿ ಗೇಲಿ ಮಾಡುತ್ತಾನೆ. ಸಾಕಿದಾತನಿಗೆ ಬರೆದಿಟ್ಟದ್ದು ತನ್ನ ಪುಸ್ತಕ ಭಂಡಾರ. ಅದಾದರೂ ಇತ್ತೆ? ಈ ನಗುವಿನ ನಡುವೆಯೇ ಮುಪ್ಪು, ಸಾವು ಇಣುಕುತ್ತವೆ. ಆತ ಇಂದಿಗೂ ಉಳಿದಿರುವುದು ಅದರಿಂದಲೇ.

1463ರ ಜನವರಿ 5ರಂದು ಗಲ್ಲುಶಿಕ್ಷೆ ತಪ್ಪಿ ಹತ್ತು ವರ್ಷಗಳ ಗಡೀಪಾರಾಯಿತು. ಮುಂದೆ ಆತನ ಸುಳಿವಿಲ್ಲ. ಕವನಗಳು ಮೊದಲು ಅಚ್ಚಾದದ್ದು 1489ರಲ್ಲಿ, ಸಾಕುತಂದೆಯ ಹೆಸರಿನಲ್ಲೇ.