ಹಟ್ಟಿಯ ಚಿನ್ನ, ಸೈನೈಡ್ ಮತ್ತು ಸುಣ್ಣ

ಕೃಷ್ಣಾ-ತುಂಗಭದ್ರೆಯರ ನಡುವಣ ಸೀಮೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಶಾಸನಗಳಿಂದಲೂ ಕದನಗಳಿಂದಲೂ ಅರಿಯುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಅದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈ ಸೀಮೆಯ ಇನ್ನೊಂದು ಚರಿತ್ರೆ ಅಡಗಿದೆ. (1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡ ಬೀಡನ್ ಸಹ ಚಿನ್ನದ ಗಣಿಯ ಇಂಜಿನಿಯರನೇ ಆಗಿದ್ದನೆಂಬುದು ಇಲ್ಲಿ ಸ್ಮರಣೀಯ.)

ಹಟ್ಟಿಯ ಪ್ರಾಚೀನ ಗಣಿಗಾರರು ನೂರಾರು ಅಡಿಗಳ ಆಳಕ್ಕೆ ಇಳಿದಿದ್ದರು. ಆದರೆ ಕಲ್ಲಿನೊಳಗೆ ಕಣ್ಣಿಗೆ ಕಾಣದಂತೆ ಹರಡಿರುವ ಚಿನ್ನವು ಕುಟ್ಟುವುದರಿಂದಲೂ ತೊಳೆಯುವುದರಿಂದಲೂ ಪೂರ್ಣವಾಗಿ ಕೈಗೆ ದೊರೆಯಲಾರದು. ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಇದಕ್ಕೆ ಉಪಾಯ ಕಂಡರು: ಸೈನೈಡಿನ ತೀರ ತೆಳುವಾದ ದ್ರಾವಣವು ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ. ಈ ವಿಧಾನವು ಹಟ್ಟಿಯಲ್ಲಿಯೂ ನೆಲೆಗೊಂಡಿತು.

ಇಂಥ ಉಗ್ರವಿಷವನ್ನು ದೊಡ್ಡ ತೊಟ್ಟಿಗಳಲ್ಲಿ ಬಳಸುವುದು ಹೇಗೆ ಸಾಧ್ಯವಾಯಿತು? ಉತ್ತರ ಸುಣ್ಣದಲ್ಲಿದೆ. ದ್ರಾವಣವು ಕ್ಷಾರೀಯವಾಗಿರುವವರೆಗೆ ಸೈನೈಡ್ ನೀರಿನಲ್ಲಿಯೇ ಉಳಿಯುತ್ತದೆ. ಆಮ್ಲ ಸೋಕಿದೊಡನೆ ಹೈಡ್ರೋಜನ್ ಸೈನೈಡ್ ಆಗಿ ಮೇಲೇಳುತ್ತದೆ. ಅದರ ಕುದಿಬಿಂದು ಸುಮಾರು 26 ಡಿಗ್ರಿ ಸೆಲ್ಸಿಯಸ್. ನಮ್ಮ ಸೀಮೆಯ ಬೇಸಗೆಯಲ್ಲಿ ಅದಕ್ಕೆ ಬೇರೆ ಒಲೆ ಬೇಕಿಲ್ಲ.

1782ರಲ್ಲಿ ಇದನ್ನು ಮೊದಲು ತಯಾರಿಸಿದ ಷೀಲೆ ಅದರ ವಾಸನೆಯನ್ನೂ ರುಚಿಯನ್ನೂ ಬರೆದಿಟ್ಟನು! ಬಾದಾಮಿಯ ಕಹಿವಾಸನೆಯನ್ನು ನಂಬಿ ಎಚ್ಚರಗೊಳ್ಳುವೆವೆಂಬ ಭಾವನೆ ಇಂದಿಗೂ ಕೆಲವರಲ್ಲಿದೆ. ಆ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳಬೇಕು.

ಕಾಲೇಜಿನ ಪ್ರಯೋಗಾಲಯಕ್ಕೂ ಈ ವಿಷ ಹೊಸದಲ್ಲ. ಲವಣ ವಿಶ್ಲೇಷಣೆಯ ಹಳೆಯ ಕ್ರಮದಲ್ಲಿ ತಾಮ್ರ ಮತ್ತು ಕ್ಯಾಡ್ಮಿಯಮ್‌ಗಳನ್ನು ಪ್ರತ್ಯೇಕಿಸಲು ಪೊಟ್ಯಾಸಿಯಮ್ ಸೈನೈಡನ್ನು ಬಳಸುತ್ತಿದ್ದರು. ತಾಮ್ರವು ಸೈನೈಡಿನೊಡನೆ ಕೂಡಿ ದ್ರಾವಣದಲ್ಲಿಯೇ ನಿಲ್ಲುತ್ತಿತ್ತು. ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಕ್ಯಾಡ್ಮಿಯಮ್ ಹಳದಿಯಾಗಿ ಕೆಳಗಿಳಿಯುತ್ತಿತ್ತು. ಪರೀಕ್ಷೆಯ ದೃಷ್ಟಿಯಿಂದ ಸುಂದರವಾದ ವಿಧಾನವೇ ಸರಿ. ಆದರೆ ಪ್ರನಾಳವನ್ನು ತೊಳೆಯುವ ವಿದ್ಯಾರ್ಥಿಯು ಅದನ್ನು ಸುರಿಯುವ ಕುಂಡಿಗೆ ಪಕ್ಕದವನು ಹೈಡ್ರೋಕ್ಲೋರಿಕ್ ಆಮ್ಲವನ್ನು ಚೆಲ್ಲಿರಬಹುದು. ಬೀಗ ಹಾಕಿದ ಕಪಾಟಿನಲ್ಲಿರುವ ಸೀಸೆಗಿಂತ ಆ ಕುಂಡಿಯೇ ಹೆಚ್ಚು ಭಯಾನಕವೆಂದು ನಮ್ಮ ಅಭಿಪ್ರಾಯ. ಗಣಿಯಲ್ಲಿ ಸುಣ್ಣವು ಕ್ರಿಯೆಯ ಅಂಗವಾಗಿಯೇ ಇತ್ತು. ತರಗತಿಯಲ್ಲಿ ಅದರ ಸ್ಥಾನವನ್ನು ಉಪಾಧ್ಯಾಯರ ಕಣ್ಣು ಮಾತ್ರ ತುಂಬಬೇಕಾಗಿತ್ತು.

ಆದುದರಿಂದ ಸೈನೈಡ್ ಇನ್ನೂ ಉಳಿದಿರುವ ಕಡೆ ಆಮ್ಲಗಳ ಕಪಾಟು ಬೇರೆಯಾಗಿರಬೇಕು. ತ್ಯಾಜ್ಯಕ್ಕೆ ಹೆಸರು ಬರೆದ ಪ್ರತ್ಯೇಕ ಜಾಡಿ ಬೇಕು. ಪ್ರಯೋಗವು ಹೊಗೆಗೂಡಿನೊಳಗೇ ನಡೆಯಬೇಕು, ಒಬ್ಬಂಟಿಯಾಗಿ ಎಂದಿಗೂ ಕೂಡದು. ತ್ಯಾಜ್ಯವನ್ನು ನಾಶಮಾಡಲು ಬ್ಲೀಚಿಂಗ್ ಪುಡಿ ಉಪಯುಕ್ತವೆಂಬುದು ನಿಜವಾದರೂ ಅದು ತಿಳಿದವರ ಕೆಲಸ, ಅಲ್ಲಿಯೂ ಕ್ರಮವೇ ಮುಖ್ಯ: ಮೊದಲು ಕ್ಷಾರ, ಅನಂತರ ಪುಡಿ. ಕ್ಷಾರವಿಲ್ಲದೆ ಪುಡಿಯನ್ನು ಬೆರೆಸಿದರೆ ಸೈನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲವು ಹೊರಬರುತ್ತದೆ.