ಕಲ್ಲಿದ್ದಲು ಕಾಪಾಡಿದ ಬೇರುಗಳು

ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್, ಬಾಗಲಕೋಟೆಯ ಸುಣ್ಣದ ಕಲ್ಲು ನಮ್ಮ ಜಿಲ್ಲೆಯ ಸಂಪತ್ತು. ಇಷ್ಟೆಲ್ಲ ಕಲ್ಲಿದ್ದರೂ ಇಲ್ಲಿ ಕಲ್ಲಿದ್ದಲು ಏಕಿಲ್ಲ ಎಂದು ಎಂದಾದರೂ ಯೋಚಿಸಿದ್ದೀರಾ?

ಜೌಗು ನೆಲದಲ್ಲಿ ಹೂತುಹೋದ ಗಿಡಮರಗಳೇ ಕಾಲಾಂತರದಲ್ಲಿ ಕಲ್ಲಿದ್ದಲಾದವು. ಭೂಮಿಯ ಮೇಲೆ ಮರಗಳು ಕಾಣಿಸಿಕೊಂಡದ್ದು ಸುಮಾರು 38 ಕೋಟಿ ವರ್ಷಗಳ ಹಿಂದೆ. ಆದರೆ ಇಳಕಲ್ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಬಾದಾಮಿಯ ಮರಳುಗಲ್ಲು ಅದಕ್ಕಿಂತ ಚಿಕ್ಕದಾದರೂ ಮರಗಳಿಗಿಂತ ಬಹಳ ಹಿರಿಯದು. ಕಲಾದಗಿ ಶಿಲಾಸಮೂಹದ ಸುಣ್ಣದ ಕಲ್ಲಿನಲ್ಲಿ ಕಾಣುವುದು ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಮಾತ್ರ. ಇವುಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಮರವೇ ಇಲ್ಲದ ಕಾಲದಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು?

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೂ ಕಲ್ಲಿದ್ದಲು ಬಂದಿದೆ. ಆ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿದ್ದಾಗ ಭೂವಿಜ್ಞಾನಿ ವಿಲಿಯಂ ಕಿಂಗ್ ಯೆಲ್ಲಂದು ಬಳಿ ಕಲ್ಲಿದ್ದಲನ್ನು ಗುರುತಿಸಿದರು. ಅದು 25ರಿಂದ 30 ಕೋಟಿ ವರ್ಷಗಳ ಹಿಂದಿನ ಕಾಡಿನ ಉಳಿಕೆ.

ಆ ಕಾಡಿನ ಮುಖ್ಯ ಮರ ಗ್ಲೊಸಾಪ್ಟೆರಿಸ್. ನಾಲಿಗೆಯಾಕಾರದ ಅದರ ಎಲೆಗೆ 1828ರಲ್ಲಿ ಬ್ರಾಂಗ್ನಿಯಾರ್ ಹೆಸರಿಟ್ಟರು. ಭಾರತದ ಕಲ್ಲಿದ್ದಲು ಪದರಗಳಲ್ಲಿ ಬೆನ್ನುಮೂಳೆಯಂತಹ ಇನ್ನೊಂದು ಪಳೆಯುಳಿಕೆಯೂ ಸಿಕ್ಕಿತು. 1830ರ ದಶಕದಲ್ಲಿ ರಾಯ್ಲ್ ಅದನ್ನು ವರ್ಟಿಬ್ರೇರಿಯಾ ಎಂದು ಕರೆದರು. ಅದು ಕಾಂಡವೋ ಬೇರೋ ಎಂಬ ಚರ್ಚೆ ನೂರು ವರ್ಷಕ್ಕೂ ಮೀರಿ ನಡೆಯಿತು. 1970ರ ದಶಕದಲ್ಲಿ ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳ ಶಿಲೀಭೂತ ಮಾದರಿಗಳ ಒಳರಚನೆಯನ್ನು ಪರೀಕ್ಷಿಸಿದ ಮೇಲೆ ಅದು ಗ್ಲೊಸಾಪ್ಟೆರಿಸ್ ಮರದ ಬೇರೇ ಎಂಬುದು ಸ್ಪಷ್ಟವಾಯಿತು. ಬೇರನ್ನು ಅಡ್ಡ ಕತ್ತರಿಸಿದರೆ ಬಂಡಿಗಾಲಿಯ ಅರಗಳಂತೆ ಕಾಣುತ್ತದೆ. ಅರಗಳ ನಡುವಿನ ಟೊಳ್ಳುಗಳು ನೀರು ನಿಂತ ನೆಲದಲ್ಲೂ ಬೇರಿಗೆ ಗಾಳಿ ಒದಗಿಸುತ್ತಿದ್ದವು.

ಬೇರಿಗೆ ಇಷ್ಟು ಮಹತ್ವವೇಕೆ? ಎಲೆ ಹೊಳೆಯಲ್ಲಿ ತೇಲಿ ಎಲ್ಲಿಗೋ ಹೋದೀತು. ಆದರೆ ಬೆಳೆದ ಮಣ್ಣಿನಲ್ಲೇ ಕಲ್ಲಾದ ಬೇರು, ಮರ ಅಲ್ಲಿಯೇ ನಿಂತಿತ್ತೆಂದು ಸಾಕ್ಷಿ ಹೇಳುತ್ತದೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ಸ್ಕಾಟ್ ತಂಡದವರು ಹೊತ್ತು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲೂ ಗ್ಲೊಸಾಪ್ಟೆರಿಸ್ ಎಲೆಗಳಿದ್ದವು. ಭಾರತ ಮತ್ತು ಅಂಟಾರ್ಕ್ಟಿಕಾ ಹಿಂದೆ ಒಂದೇ ಭೂಖಂಡವಾಗಿದ್ದವು ಎಂಬುದಕ್ಕೆ ಇದೂ ಒಂದು ಆಧಾರ.

ಇಂತಹ ಅಧ್ಯಯನಕ್ಕಾಗಿಯೇ ಬೀರಬಲ್ ಸಾಹ್ನಿಯವರು 1946ರಲ್ಲಿ ಲಖನೌದಲ್ಲಿ ಸಂಸ್ಥೆಯೊಂದನ್ನು ಆರಂಭಿಸಿದರು. ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಏಕೆ ಹೋಗಬಾರದು? ಸಿಮೆಂಟ್ ಗೂಡಿನಲ್ಲಿ ಸುಣ್ಣದ ಕಲ್ಲೂ ಕಲ್ಲಿದ್ದಲೂ ಒಟ್ಟಿಗೆ ಉರಿದು ಹೋಗುತ್ತವೆ. ಒಮ್ಮೆ ಸುಟ್ಟ ಸಾಕ್ಷಿ ಮರಳಿ ಸಿಗದು. ಆದ್ದರಿಂದ ನಿಮ್ಮೂರಿನ ಕಲ್ಲನ್ನು ಇಂದೇ ಗಮನವಿಟ್ಟು ನೋಡಿ, ಕಂಡದ್ದನ್ನು ಬರೆದಿಡಿ.